ಕುಂದಗೋಳದಿಂದ ಕೂಡಲಸಂಗಮಕ್ಕೆ ದೋಣಿ

ಬೆಣ್ಣೆಹಳ್ಳದಲ್ಲಿ ದೋಣಿ ಬಿಟ್ಟುಕೊಂಡು, ದಾರಿಯುದ್ದಕ್ಕೂ ನೊಣದ ಗಾಳ ಹಾಕುತ್ತ, ಕುಂದಗೋಳ ತಾಲೂಕಿನಿಂದ ಕೂಡಲಸಂಗಮದವರೆಗೆ ಹೋಗುವ ಯೋಜನೆಯೊಂದನ್ನು ಅಣ್ಣಿಗೇರಿಯ ನಮ್ಮ ಮಾಸ್ತರು ಸಿದ್ಧಪಡಿಸಿದ್ದಾರೆ. ಧಾರವಾಡ ಜಿಲ್ಲೆಯಲ್ಲಿ ಇದುವರೆಗೆ ತಯಾರಾದ ನೀರಿನ ಯೋಜನೆಗಳಲ್ಲೆಲ್ಲ ಇದೇ ಅತ್ಯಂತ ಪರಿಪೂರ್ಣವಾದದ್ದು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ. ಒಂದೇ ಒಂದು ತಾಂತ್ರಿಕ ಅಂಶ ಬಾಕಿ ಉಳಿದಿದೆ. ಅದು ನೀರು. ನೀರು ಮಾಸ್ತರ ಕೈಯಲ್ಲಿರುವ ವಿಷಯವಲ್ಲ. ಆದ್ದರಿಂದ ಅದನ್ನು ಯೋಜನೆಯ ಕೊರತೆ ಎಂದು ಎಣಿಸುವುದು ಅನ್ಯಾಯ.

ಮಾಸ್ತರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ನಮ್ಮ ಕಡೆಯ ಗಂಡಸರು ಸಾಮಾನ್ಯವಾಗಿ ಹಿಡಿಯುವುದು ಎರಡೇ ದಾರಿ, ಮಠದ ಕಟ್ಟೆ ಇಲ್ಲವೇ ಕೋರ್ಟಿನ ಕಟ್ಟೆ. ಮಾಸ್ತರು ಮೂರನೆಯದನ್ನು ಕಂಡುಕೊಂಡರು. ಮೊಮ್ಮಗನ ಮೊಬೈಲಿನಲ್ಲಿ ಒಂದು ದಿನ ಅವರಿಗೆ ಕೆನಡಾದ ಇಬ್ಬರು ಗೆಳೆಯರು ಕಂಡರು. ಉದ್ದನೆಯ, ಎರಡೂ ತುದಿ ಚೂಪಾದ ದೋಣಿಯಲ್ಲಿ ಹಿಂದೊಬ್ಬ ಮುಂದೊಬ್ಬ ಕುಳಿತು ಕಾಡಿನ ನಡುವಿನ ನೀರಿನಲ್ಲಿ ವಾರಗಟ್ಟಲೆ ಸಾಗುತ್ತಿದ್ದರು. ಕೈಯಲ್ಲಿ ಬಾರಕೋಲಿನಂಥ ತೆಳ್ಳನೆಯ ಗಳ. ಅದರ ದಾರ ಗಾಳಿಯಲ್ಲಿ ಹಿಂದೆ ಮುಂದೆ ಬಳುಕಿ, ಗರಿ ಕೂದಲು ಸುತ್ತಿ ಮಾಡಿದ ಸುಳ್ಳು ನೊಣವೊಂದನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತಿತ್ತು. ಮೀನು ಅದನ್ನು ಖರೆ ಹುಳ ಎಂದು ನಂಬಿ ಬಾಯಿ ಹಾಕುತ್ತಿತ್ತು. ಹಿಡಿದ ಮೀನನ್ನು ಆ ಗೆಳೆಯರು ಎತ್ತಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಿದ್ದರು.

"ಇದಕ್ಕ ಫ್ಲೈ ಫಿಶಿಂಗ್ ಅಂತಾರ. ಇಬ್ಬರು ಬೇಕಾಗತಾರ. ನಾವೂ ಇಬ್ಬರದೀವಿ" ಎಂದರು ಮಾಸ್ತರು. ಎರಡನೆಯವನಾಗಿ ನನ್ನನ್ನು ಆರಿಸಿದ್ದಕ್ಕೆ ಅವರು ಕೊಟ್ಟ ಕಾರಣ ಅವರ ದೂರದೃಷ್ಟಿಗೆ ಸಾಕ್ಷಿ. ನನಗೆ ಈಜು ಬರುವುದಿಲ್ಲ. ಈಜು ಬರುವವನು ಸಂಕಟದ ಸಮಯದಲ್ಲಿ ದೋಣಿ ಬಿಟ್ಟು ಹಾರುತ್ತಾನೆ, ಬಾರದವನು ಕಡೆಯತನಕ ಜೊತೆಗಿರುತ್ತಾನೆ. ಈ ಸೂಕ್ಷ್ಮ ಕೆನಡಾದವರಿಗೂ ಹೊಳೆದಿರಲಿಕ್ಕಿಲ್ಲ.

ಮಾರ್ಗದ ಆಯ್ಕೆಯಲ್ಲಿ ಅವರು ತೋರಿದ ವಿವೇಕವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಜಿಲ್ಲೆ ಇಳಿಜಾರಿನ ನೆತ್ತಿಯ ಮೇಲೆ ಕುಳಿತ ಜಿಲ್ಲೆ. ಕಲಘಟಗಿ ಕಡೆ ಬಿದ್ದ ಮಳೆ ಬೇಡ್ತಿಯಾಗಿ, ಮುಂದೆ ಗಂಗಾವಳಿ ಎನಿಸಿಕೊಂಡು ಪಡುವಣ ಕಡಲು ಸೇರುತ್ತದೆ. ಕುಂದಗೋಳ, ನವಲಗುಂದದ ಮಳೆ ಬೆಣ್ಣೆಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮೂಢರು ಯಾರಾದರೂ ಇದ್ದರೆ ಬೇಡ್ತಿಯನ್ನೇ ಆರಿಸುತ್ತಿದ್ದರು. ಅಲ್ಲಿ ಕಾಡಿದೆ, ನೆರಳಿದೆ, ಮೀನಿದೆ, ಮಳೆಗಾಲ ಮುಗಿದ ಮೇಲೂ ಒಂದಷ್ಟು ನೀರಿದೆ. ಹುಬ್ಬಳ್ಳಿಗೆ ಕುಡಿಯಲು ಕೊಟ್ಟ ನೀರಸಾಗರವೂ ಆ ಹೊಳೆಯ ಮೇಲೆಯೇ ಇದೆ. ಮಾಸ್ತರು ಇದನ್ನೆಲ್ಲ ತೂಗಿ ನೋಡಿ ತಿರಸ್ಕರಿಸಿದರು. ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ದೋಣಿಗೆ ಅದು ಒಳ್ಳೆಯದಲ್ಲ. ಬೆಣ್ಣೆಹಳ್ಳದಲ್ಲಿ ಜಲಪಾತದ ಭಯವಿಲ್ಲ. ಜಲದ ಭಯವೂ ವರ್ಷದ ಬಹುಭಾಗ ಇರುವುದಿಲ್ಲ.

ಇನ್ನೊಂದು ಆಳವಾದ ಕಾರಣವನ್ನು ಅವರು ನನ್ನೊಬ್ಬನಿಗೇ ಹೇಳಿದ್ದು. "ಅಲ್ರೀ ಮಾಸ್ತರ, ಆ ಹಳ್ಳದಾಗ ನೀರ ಇರೂದಿಲ್ಲಲ್ರಿ" ಎಂದು ನಾನು ಬಾಯಿ ತಪ್ಪಿ ಕೇಳಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು. "ನೀರ ಇದ್ದಲ್ಲೆ ಯಾಂವ ಬೇಕಾದರೂ ದೋಣಿ ಬಿಡತಾನ. ಅದರಾಗ ಯೋಜನಾ ಎಲ್ಲಿ ಬಂತು?"

ದಾರಿ ಹೀಗಿದೆ. ಶಿಗ್ಗಾವಿ ತಾಲೂಕಿನ ದುಂಡಸಿ ಬಳಿ ಹುಟ್ಟುವ ಹಳ್ಳವನ್ನು ಕುಂದಗೋಳ ತಾಲೂಕಿನಲ್ಲಿ ಹಿಡಿಯುವುದು. ಹುಬ್ಬಳ್ಳಿ ತಾಲೂಕು ದಾಟಿ ನವಲಗುಂದದ ಎರಿ ಹೊಲಗಳ ನಡುವೆ ಸಾಗಿ, ಯಮನೂರಿನಲ್ಲಿ ಮೊದಲ ದೊಡ್ಡ ವಿಶ್ರಾಂತಿ. ಅಲ್ಲಿಂದ ರೋಣ ತಾಲೂಕಿನ ಮೆಣಸಗಿ ಬಳಿ ಮಲಪ್ರಭೆಗೆ ಇಳಿಯುವುದು. ಮುಂದೆ ಪಟ್ಟದಕಲ್ಲು, ಐಹೊಳೆ. ಚಾಲುಕ್ಯರ ಗುಡಿಗಳನ್ನು ಪ್ರವಾಸಿಗರೆಲ್ಲ ಬಸ್ಸಿನಿಂದ ಇಳಿದು ನೋಡುತ್ತಾರೆ. ನಾವು ಹೊಳೆಯಿಂದ ನೋಡುತ್ತೇವೆ. ಕಡೆಗೆ ಕೃಷ್ಣೆಯ ಸಂಗಮ, ಬಸವಣ್ಣನವರ ಐಕ್ಯಮಂಟಪ. ಮಾಸ್ತರು ಇದನ್ನು ಓದಿ ಹೇಳುವಾಗ ಖಾನಾವಳಿಯಲ್ಲಿ ಪಕ್ಕದ ಮೇಜಿನವರೂ ಊಟ ನಿಲ್ಲಿಸಿ ಕೇಳುತ್ತಾರೆ.

ನಕಾಶೆ ಸರ್ವೆ ಆಫ್ ಇಂಡಿಯಾದ ಟೊಪೊಶೀಟು. ಆ ಹಾಳೆಗಳಲ್ಲಿ ನೀರು ನಿಲ್ಲುವ ಕಡೆ ನೀಲಿ ಬಣ್ಣ, ಒಣಗುವ ಹಳ್ಳಕ್ಕೆ ಕಪ್ಪು ಗೆರೆ. ನಮ್ಮ ದಾರಿಯಲ್ಲಿ ಕಪ್ಪು ಗೆರೆ ಎದ್ದು ಕಾಣುತ್ತಿತ್ತು. ಮಾಸ್ತರು ಮೊಮ್ಮಗನ ಬಣ್ಣದ ಪೆಟ್ಟಿಗೆಯಿಂದ ನೀಲಿ ಪೆನ್ಸಿಲ್ ತೆಗೆದುಕೊಂಡು ಉಳಿದ ಕೆಲಸ ಮುಗಿಸಿದರು. ಒಂದೇ ಸಂಜೆಯಲ್ಲಿ ಎರಡು ತಾಲೂಕು ನೀರಾವರಿಯಾದವು. ಸರಕಾರಗಳಿಗೆ ಇದೇ ಕೆಲಸಕ್ಕೆ ದಶಕಗಳು ಹಿಡಿದಿವೆ, ಇನ್ನೂ ಮುಗಿದಿಲ್ಲ.

ಪ್ರಯಾಣವನ್ನು ಕುಂದಗೋಳದಿಂದಲೇ ಏಕೆ ಆರಂಭಿಸಬೇಕು ಎಂಬುದಕ್ಕೆ ಸಾಂಸ್ಕೃತಿಕ ಕಾರಣವಿದೆ. ಕುಂದಗೋಳ ಸವಾಯಿ ಗಂಧರ್ವರ ಊರು. ಭೀಮಸೇನ ಜೋಶಿಯವರು ಹುಡುಗರಿದ್ದಾಗ ಗುರುಗಳ ಮನೆಯಲ್ಲಿ ಉಳಿದು ಹಾಡು ಕಲಿತದ್ದು ಇಲ್ಲಿ. ಊರಿನಲ್ಲಿ ನೀರಿಗೆ ತತ್ವಾರ, ಆದ್ದರಿಂದ ಗುರುಗಳ ಮನೆಗೆ ದೂರದಿಂದ ಕೊಡಗಟ್ಟಲೆ ನೀರು ಹೊರುವುದು ಅವರ ವಿದ್ಯಾಭ್ಯಾಸದ ಭಾಗವಾಗಿತ್ತು. ಭುಜಕ್ಕೆ ಕೊಡ ಬಿದ್ದದ್ದರಿಂದಲೇ ಎದೆ ಗಟ್ಟಿಯಾಗಿ ಮುಂದೆ ಆ ಧ್ವನಿ ಹೊರಟಿತು ಎಂದು ಮಾಸ್ತರ ಸಿದ್ಧಾಂತ. ಊರಲ್ಲಿ ನಳ ಇದ್ದಿದ್ದರೆ ಒಬ್ಬ ಭಾರತರತ್ನ ಕಡಿಮೆಯಾಗುತ್ತಿದ್ದ. ಜಲಯಾತ್ರೆ ಇಂಥ ಪುಣ್ಯಭೂಮಿಯಿಂದ ಹೊರಡದೆ ಮತ್ತೆಲ್ಲಿಂದ ಹೊರಡಬೇಕು?

ಬೆಣ್ಣೆಹಳ್ಳವನ್ನು ಅರಿಯದವರು ಅದನ್ನು ಬರಡು ಹಳ್ಳ ಎನ್ನುತ್ತಾರೆ. ಅದರ ಸ್ವಭಾವವನ್ನು ಅವರು ತಿಳಿದಿಲ್ಲ. ಬೇಸಿಗೆಯಲ್ಲಿ ಅದು ಜಾಲಿಕಂಟಿಯ ತೋಟ. ದಂಡೆಯ ಎರಿ ನೆಲ ಬಿರಿದು, ಬಿರುಕಿನಲ್ಲಿ ಕೈ ಇಳಿಸಿದರೆ ಮೊಳಕೈವರೆಗೆ ಹೋಗುತ್ತದೆ. ಆಗಲೂ ಅಲ್ಲಲ್ಲಿ ಹಳ್ಳ ಹರಿಯುವಂತೆ ನೋಡಿಕೊಳ್ಳುವುದು ಹುಬ್ಬಳ್ಳಿಯ ಔದಾರ್ಯ. ಶಹರದ ಗಟಾರದ ನೀರು ತಪ್ಪದೆ ಈ ಕಡೆ ಬರುತ್ತದೆ. ವರ್ಷವಿಡೀ ನಂಬಬಹುದಾದ ನಮ್ಮ ಏಕೈಕ ಒಳಹರಿವು ಅದೇ ಎಂದು ಯೋಜನೆಯಲ್ಲಿ ಕೃತಜ್ಞತೆಯಿಂದ ನಮೂದಾಗಿದೆ.

ಮಳೆಗಾಲದ ಮಾತೇ ಬೇರೆ. ಮೇಲೆ ಜೋರು ಮಳೆಯಾದರೆ ರಾತ್ರೋರಾತ್ರಿ ಹಳ್ಳ ಎದ್ದು ಬರುತ್ತದೆ. ಅದರ ಪಾತ್ರ ಆಳವಿಲ್ಲ, ಹೂಳು ತುಂಬಿದೆ, ಎರಡೂ ಬದಿ ಸಪಾಟು ನೆಲ. ಆದ್ದರಿಂದ ನೀರು ಮೇಲೇರುವ ಬದಲು ಅಗಲವಾಗುತ್ತದೆ. ಹೆಸರು, ಹತ್ತಿ, ಉಳ್ಳಾಗಡ್ಡಿ, ಮೆಣಸಿನಗಿಡ ಎಲ್ಲದರ ಮೇಲೂ ಒಂದೇ ಬಣ್ಣದ ನೀರು ಹರಡಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಬೆಣ್ಣೆಹಳ್ಳ ತುಪ್ಪರಿಹಳ್ಳ ಎರಡೂ ಒಟ್ಟಿಗೇ ಮೇಲೆದ್ದು ನವಲಗುಂದ ತಾಲೂಕಿನ ಊರೂರಿಗೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಆ ದಿನಗಳಲ್ಲಿ ಹಳ್ಳದ ಸೀಮೆಗೆ ನಿಜವಾದ ದೋಣಿಗಳು ಬಂದವು, ಜನರನ್ನು ಮಾಳಿಗೆಯ ಮೇಲಿಂದ ಇಳಿಸಿಕೊಂಡು ಹೋದವು. ಮಾಸ್ತರು ಆ ವರ್ಷದ ವೃತ್ತಪತ್ರಿಕೆಯ ಫೋಟೋ ಒಂದನ್ನು ಕತ್ತರಿಸಿ ಕಡತದಲ್ಲಿ ಇಟ್ಟುಕೊಂಡಿದ್ದಾರೆ. "ಹಳ್ಳದಾಗ ದೋಣಿ ನಡೀತದ ಅನ್ನೂದಕ್ಕ ಪುರಾವೆ" ಎಂದು ಅದರ ಕೆಳಗೆ ಬರೆದಿದೆ.

ಹೀಗೆ ಹಳ್ಳ ಎರಡೇ ಸ್ಥಿತಿಯಲ್ಲಿ ಸಿಗುತ್ತದೆ. ಒಂದರಲ್ಲಿ ದೋಣಿ ತೇಲುವುದಿಲ್ಲ, ಇನ್ನೊಂದರಲ್ಲಿ ದೋಣಿ ನಿಲ್ಲುವುದಿಲ್ಲ. ಇವೆರಡರ ನಡುವೆ ಒಂದು ಸುಮುಹೂರ್ತ ಇದ್ದೇ ಇರಬೇಕು ಎಂದು ಮಾಸ್ತರು ನಂಬಿದ್ದಾರೆ. ಅವರು ಪಂಚಾಂಗ ಮತ್ತು ಹವಾಮಾನ ಇಲಾಖೆಯ ಮುನ್ಸೂಚನೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ, ಎರಡಕ್ಕೂ ಸಮಾನ ಗೌರವ ಕೊಡುತ್ತಾರೆ. ಅಂಥ ಮುಹೂರ್ತ ಬಂದರೂ ಅಂದು ಎರಿಮಣ್ಣು ಹಸಿಯಾಗಿರುವುದರಿಂದ ದೋಣಿಯನ್ನು ಹಳ್ಳದ ತನಕ ಒಯ್ಯಲಾಗುವುದಿಲ್ಲ. ಎರಿ ಹೊಲದಲ್ಲಿ ಮಳೆಯ ಮರುದಿನ ನಡೆದವರಿಗೆ ಇದು ಗೊತ್ತು, ಹೆಜ್ಜೆಗೊಮ್ಮೆ ಕಾಲಿಗೆ ಮಣ್ಣು ಅಂಟಿ ಮನುಷ್ಯ ಎತ್ತರವಾಗುತ್ತ ಹೋಗುತ್ತಾನೆ. ಇದಕ್ಕೂ ಯೋಜನೆಯಲ್ಲಿ ಒಂದು ಪರಿಶಿಷ್ಟವಿದೆ.

ಯಮನೂರನ್ನು ವಿಶ್ರಾಂತಿಗೆ ಆರಿಸಿದ್ದು ಭಕ್ತಿಯಿಂದ. ಅಲ್ಲಿಯ ಚಾಂಗದೇವರನ್ನು ರಾಜಾಬಾಗ ಸವಾರ ಎಂದೂ ಕರೆದು ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ. ಉರುಸಿಗೆ ಬಂದವರು ಬೆಣ್ಣೆಹಳ್ಳದಲ್ಲಿ ಮಿಂದು ಚರ್ಮರೋಗ ಹೋಗಲೆಂದು ಬೇಡಿಕೊಳ್ಳುತ್ತಾರೆ. ಆ ಹಳ್ಳದ ನೀರಿನಲ್ಲೇ ದೀಪ ಉರಿಯುತ್ತದೆ ಎಂಬುದು ಜನರ ನಂಬಿಕೆ. ಇಷ್ಟೆಲ್ಲ ಮಾಡಬಲ್ಲ ನೀರು ಎರಡಾಳಿನ ಒಂದು ದೋಣಿಯನ್ನು ಹೊರಲಾರದೇ? ಪ್ರಶ್ನೆ ಪ್ರಮಾಣದ್ದಲ್ಲ, ಶ್ರದ್ಧೆಯದು ಎನ್ನುತ್ತಾರೆ ಮಾಸ್ತರು.

ಗಾಳ ಹಾಕುವುದು ಪರದೇಶಿ ಶೋಕಿ ಎಂದು ಮೂಗು ಮುರಿದವರಿಗೆ ಅವರ ಉತ್ತರ ಯೋಜನೆಯ ಮುನ್ನುಡಿಯಲ್ಲೇ ಇದೆ. ಅಣ್ಣಿಗೇರಿಯವರಿಗೆ ಕಲ್ಯಾಣದ ಚಾಲುಕ್ಯರ ಮೇಲೆ ಒಂದು ಹಕ್ಕು ಇದೆ. ಅಮೃತೇಶ್ವರ ಗುಡಿ ಆ ಕಾಲದ್ದು. ವಂಶ ಇಳಿಗಾಲಕ್ಕೆ ಬಂದಾಗ ನಾಲ್ಕನೆಯ ಸೋಮೇಶ್ವರ ಇದೇ ಊರಲ್ಲಿ ಕುಳಿತು ಆಳಿದ. ಅವನಿಗಿಂತ ಹಿಂದಿನ ಮೂರನೆಯ ಸೋಮೇಶ್ವರ, ಭೂಲೋಕಮಲ್ಲ ಎಂಬ ಬಿರುದಿನವನು, ಸುಮಾರು 1130ರ ಹೊತ್ತಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. ರಾಜನಾದವನು ರಾಜ್ಯ ಗಳಿಸುವುದರಿಂದ ಹಿಡಿದು ಅಡುಗೆ, ಆನೆ, ಸಂಗೀತದವರೆಗೆ ಏನೇನು ತಿಳಿದಿರಬೇಕು ಎಂಬುದೆಲ್ಲ ಅದರಲ್ಲಿದೆ. ಅದರಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಒಂದಿದೆ. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಯಾವ ತಿನಿಸು, ಗಾಳ ಹೇಗಿರಬೇಕು ಎಂದು ದೊರೆ ಕುಳಿತು ವಿವರಿಸಿದ್ದಾನೆ. ಇಂಗ್ಲಿಷರು ಗಾಳದ ವೇದ ಎಂದು ಹೊತ್ತು ಮೆರೆಸುವ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ಅರಸ ಅದಕ್ಕಿಂತ ಐನೂರು ವರ್ಷ ಮುಂದಿದ್ದ.

ಅಂಥ ಗ್ರಂಥ ಬರೆದವನ ಮೊಮ್ಮಕ್ಕಳ ಕಾಲಕ್ಕೆ ರಾಜ್ಯವೇ ಉಳಿಯಲಿಲ್ಲ ಎಂಬುದನ್ನು ಕೆಲವರು ಎತ್ತಿ ಆಡಬಹುದು. ಮಾಸ್ತರು ಅದರಲ್ಲೂ ಸಾರ ಕಂಡಿದ್ದಾರೆ. ರಾಜ್ಯ ಹೋಯಿತು, ಯೋಜನೆ ಉಳಿಯಿತು.

ಸಾಮಗ್ರಿಯ ವಿಷಯ. ಸ್ಕಾಟ್ಲೆಂಡಿನ ಸಾಲ್ಮನ್ ಹಿಡಿಯುವವರು ಒಂದು ಕಾಲಕ್ಕೆ ಪ್ರಾಣ ಬಿಡುತ್ತಿದ್ದುದು ನಮ್ಮ ಪಶ್ಚಿಮಘಟ್ಟದ ಕಾಡುಕೋಳಿಯ ಕೊರಳ ಗರಿಗೆ. ಅದರ ಮೇಲಿನ ಮೇಣ ಬಳಿದಂಥ ಹೊಳಪಿನ ಚುಕ್ಕೆಯನ್ನು ಸುಳ್ಳು ನೊಣದ ಕೆನ್ನೆಗೆ ಕಟ್ಟಿದರೆ ಮೀನು ಮರುಳಾಗುತ್ತದಂತೆ. ಹಡಗು ತುಂಬಿ ಗರಿ ಹೋಯಿತು, ಹಕ್ಕಿ ಕಡಿಮೆಯಾಯಿತು, ಈಗ ರಫ್ತು ನಿಷಿದ್ಧ. ಕಲಘಟಗಿಯ ಕಾಡಿನಲ್ಲಿ ಆ ಕೋಳಿ ಕೂಗುವುದನ್ನು ಕೇಳಬಹುದು, ಮುಟ್ಟುವಂತಿಲ್ಲ. ಕಾನೂನಿಗೆ ತಲೆಬಾಗುವ ಮಾಸ್ತರು ಪಕ್ಕದ ಮನೆಯ ಹುಂಜಕ್ಕೆ ತೃಪ್ತರಾದರು. ಹುಂಜದ ಒಡತಿ ತೃಪ್ತಳಾಗಲಿಲ್ಲ, ಆ ವಿಷಯ ಬೇರೆ. ಒಂದು ಸಮಾಧಾನ, ಖರೆ ನೊಣಕ್ಕಾದರೂ ನಮ್ಮ ತಾಲೂಕುಗಳಲ್ಲಿ ಎಂದೂ ಬರ ಬಿದ್ದಿಲ್ಲ. ಮಾದರಿಗೆ ಎಷ್ಟು ಬೇಕಾದರೂ ಸಿಗುತ್ತವೆ.

ದೋಣಿಯದು ದೊಡ್ಡ ಕಥೆ. ಪೇಟೆಯ ಫೈಬರ್ ದೋಣಿಯನ್ನು ಮಾಸ್ತರು ಒಪ್ಪಲಿಲ್ಲ. ಹರಗೋಲು ದುಂಡಗಿರುತ್ತದೆ, ಅದರಲ್ಲಿ ಹಿಂದೆ ಯಾರು ಮುಂದೆ ಯಾರು ಎಂಬ ಮರ್ಯಾದೆ ಉಳಿಯುವುದಿಲ್ಲ. ಕಡೆಗೆ ಅವರಿಗೆ ಕಲಘಟಗಿಯ ತೊಟ್ಟಿಲು ನೆನಪಾಯಿತು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಕೂಡಿಸಿ, ಕೆಂಪು ಹಳದಿ ಹಸಿರಿನಲ್ಲಿ ಬಾಲಕೃಷ್ಣನನ್ನೂ ಗಿಳಿಯನ್ನೂ ಬರೆದು ಮಾಡುವ ಆ ತೊಟ್ಟಿಲುಗಳಿಗೆ ಮುಂಬೈ ಬೆಂಗಳೂರಿನಿಂದ ಬೇಡಿಕೆ ಬರುತ್ತದೆ. ಬಣ್ಣ ತಲೆಮಾರು ಕಳೆದರೂ ಮಾಸುವುದಿಲ್ಲ ಎಂಬ ಹೆಸರು. ಅಷ್ಟು ಚೆಂದ ಕಟ್ಟಿಗೆ ಕೆಲಸ ಬಲ್ಲವರು ಒಂದು ದೋಣಿ ಮಾಡಲಾರರೇ ಎಂದು ನಾವಿಬ್ಬರೂ ಹೋದೆವು.

ಕುಶಲಕರ್ಮಿ ಹಿರಿಯರು. ಕಾಲಡಿ ತಿಗರಿ, ಪಕ್ಕದಲ್ಲಿ ಅರಗಿನ ಕಡ್ಡಿಗಳು. ತಿರುಗುವ ಕಾಲಿಗೆ ಅರಗಿನ ಕಡ್ಡಿ ಒತ್ತಿ ಹಿಡಿದಾಗ ಆ ಕಾವಿಗೇ ಅರಗು ಕರಗಿ ಕಟ್ಟಿಗೆಯ ಮೇಲೆ ಬಣ್ಣದ ಬಳೆಯೊಂದು ಮೂಡಿತು. ಆಮೇಲೆ ಕೇದಿಗೆಯ ಎಲೆ ಒತ್ತಿ ಉಜ್ಜಿದರು, ಬಳೆ ಕನ್ನಡಿಯಾಯಿತು. ನಾವು ಬಂದ ಕೆಲಸ ಮರೆತು ನೋಡುತ್ತ ನಿಂತೆವು. ಮಾಸ್ತರು ಎಚ್ಚೆತ್ತು ನಕ್ಷೆ ಬಿಚ್ಚಿದರು. ಹಿರಿಯರು ಅದನ್ನು ಉದ್ದಕ್ಕೆ ಹಿಡಿದು ನೋಡಿದರು, ಅಡ್ಡಕ್ಕೆ ಹಿಡಿದು ನೋಡಿದರು.

"ಇದಕ ಕಾಲ ಎಲ್ಲಿ ಬರ್ತಾವ್ರಿ?"

"ಕಾಲ ಇಲ್ರಿ. ಇದು ದೋಣಿ."

ಹಿರಿಯರು ನಕ್ಷೆಯನ್ನು ಮಡಚಿ ಕೊಟ್ಟರು. "ಸರ, ತೊಟ್ಟಲದಾಗ ಮ್ಯಾಲಿನ ನೀರ ಕೆಳಗ ಹೋಗಬೇಕ್ರಿ, ಇಲ್ಲಂದ್ರ ಕೂಸಿಗೆ ಥಂಡಿ ಆಗತೈತಿ. ದೋಣಿಯಾಗ ಕೆಳಗಿನ ನೀರ ಮ್ಯಾಲ ಬರಬಾರದು. ನಮ್ಮ ಮನಿತನದ ಕಸಬು ನಿಮಗ ಉಲ್ಟಾ ಆಗತೈತಿ." ಮತ್ತೆ ಸ್ವಲ್ಪ ಯೋಚಿಸಿ ಸೇರಿಸಿದರು, "ಎಲ್ಲಿ ಬಿಡಾವ್ರು ಇದನ್ನ?"

"ಬೆಣ್ಣಿಹಳ್ಳದಾಗ."

"ಹಂಗಾದ್ರ ನಡೀತೈತಿ ಬಿಡ್ರಿ. ಸೋರಿದ್ರೂ ಏನ್ ಆಗೂದಿಲ್ಲ."

ಕೆಲಸಗಾರನೊಬ್ಬ ಬಳಸುವ ಜಾಗ ಕೇಳಿಕೊಂಡು ತನ್ನ ವಸ್ತುವಿಗೆ ಇಷ್ಟು ಖಾತರಿ ಕೊಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಂಗಡ ಕೊಡುವ ಮಾತನ್ನು ಮುಂದಿನ ಬಾರಿಗೆ ಇಟ್ಟುಕೊಂಡು ಬಂದೆವು. ಒಳಗೆ ಹಾಸಲಿಕ್ಕೆ ನವಲಗುಂದದ ಜಮಖಾನೆ ಎಂದು ದಾರಿಯಲ್ಲೇ ತೀರ್ಮಾನವಾಯಿತು. ಹೀಗೆ ಅಣ್ಣಿಗೇರಿ, ಕುಂದಗೋಳ, ಕಲಘಟಗಿ, ನವಲಗುಂದ ನಾಲ್ಕೂ ತಾಲೂಕುಗಳಿಗೆ ಯೋಜನೆಯಲ್ಲಿ ಪ್ರಾತಿನಿಧ್ಯ ಸಿಕ್ಕಿತು. ಯಾವ ಶಾಸಕರೂ ಇಷ್ಟು ಸಮತೋಲ ಸಾಧಿಸಿಲ್ಲ.

ಬುತ್ತಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಮಾದಲಿ. ಕೆನಡಾದವರು ದೂರದ ಪ್ರಯಾಣಕ್ಕೆ ಡಬ್ಬಿಯಲ್ಲಿ ಒಣಗಿಸಿದ ಊಟ ಒಯ್ಯುತ್ತಾರೆ, ನಮ್ಮ ಹೆಂಗಸರು ಅದನ್ನು ಮಾಡುವುದು ಎಂದೋ ಕಲಿತಿದ್ದಾರೆ. ಸಜ್ಜೆಯ ಖಡಕ್ ರೊಟ್ಟಿ ತಿಂಗಳು ಕಳೆದರೂ ಕೆಡುವುದಿಲ್ಲ. ಒದ್ದೆಯಾದರೆ ಮಾತ್ರ ಮೆತ್ತಗಾಗುತ್ತದೆ, ನಮ್ಮ ಮಾರ್ಗದಲ್ಲಿ ಆ ಅಪಾಯ ತೀರ ಕಡಿಮೆ. ನಾವಿಬ್ಬರೂ ಶಾಕಾಹಾರಿಗಳು, ಲಿಂಗ ಕಟ್ಟಿದವರು. ಇದನ್ನು ಅಡ್ಡಿ ಎಂದು ತಿಳಿದವರಿಗೆ ಫ್ಲೈ ಫಿಶಿಂಗಿನ ತತ್ವ ಅರ್ಥವಾಗಿಲ್ಲ. ಹಿಡಿದ ಮೀನನ್ನು ಬಿಟ್ಟುಬಿಡುವುದೇ ಆ ಕಲೆಯ ತುತ್ತತುದಿ. ಪರದೇಶದವನಿಗೆ ಅದಕ್ಕೆ ನಾಲಿಗೆ ಬಿಗಿ ಹಿಡಿಯಬೇಕು, ತಪಸ್ಸು ಬೇಕು. ನವಲಗುಂದದ ಲಿಂಗಾಯತ ಹುಟ್ಟುತ್ತಲೇ ಅಲ್ಲಿಗೆ ತಲುಪಿರುತ್ತಾನೆ. ನಾವು ಅವರಿಗಿಂತ ಒಂದು ಮೆಟ್ಟಿಲು ಮೇಲೆ, ಹಿಡಿಯುವ ಮೊದಲೇ ಬಿಟ್ಟಿರುತ್ತೇವೆ.

ಮೀನುಗಳೂ ಈ ಯೋಜನೆಗೆ ಅನುಕೂಲವಾಗಿಯೇ ಇವೆ. ಬೆಣ್ಣೆಹಳ್ಳದ ಮಡುವಿನಲ್ಲಿ ಬದುಕಿ ಉಳಿಯುವುದು ಮುರುಗೋಡಿನಂಥ ಮೀಸೆ ಮೀನು. ಅದು ಗಾಳಿಯನ್ನೇ ಉಸಿರಾಡಬಲ್ಲದು, ಕೆಸರಿನಲ್ಲಿ ತೆವಳಬಲ್ಲದು, ನೀರು ಬತ್ತಿದರೆ ರಾಡಿಯೊಳಗೆ ಹೂತು ಮಳೆಗೆ ಕಾಯಬಲ್ಲದು. ಯಾವ ರೈತ ಸಂಘದ ಸದಸ್ಯನೂ ಇಷ್ಟು ತಾಳ್ಮೆ ತೋರಿಲ್ಲ. ತಳದಲ್ಲಿ ಮೇಯುವ ಈ ಮೀನು ಮೇಲೆ ತೇಲುವ ನೊಣದ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ನಿಜ. ಹಾಗಾಗಿ ಅದಕ್ಕೆ ನಮ್ಮಿಂದ ಹಿಂಸೆಯಾಗುವ ಸಂಭವವೂ ಇಲ್ಲ.

ಗಾಳ ಬೀಸುವ ಅಭ್ಯಾಸ ನೆಲದ ಮೇಲೆಯೇ ನಡೆಯಬೇಕು ಎಂದು ಬಲ್ಲವರೆಲ್ಲ ಬರೆದಿದ್ದಾರೆ. ಪರದೇಶದಲ್ಲಿ ಹುಲ್ಲುಹಾಸಿನ ಮೇಲೆ ಮಾಡುತ್ತಾರೆ. ಮಾಸ್ತರು ಸುಗ್ಗಿ ಮುಗಿದ ಕಣದಲ್ಲಿ ಮಾಡಿದರು. ಊರ ಕೆರೆಯ ದಂಡೆಯಲ್ಲಿ ಮಾಡಲು ಆಗಲಿಲ್ಲ. ನೆಲದಡಿಯ ನೀರು ಸವಳಾದ ನಮ್ಮ ಹಳ್ಳಿಗಳಲ್ಲಿ ಕಾಲುವೆಯಿಂದ ತುಂಬಿಸಿದ ಆ ಕೆರೆಯೇ ಕುಡಿಯುವ ನೀರು, ಅದರ ಸುತ್ತ ತಂತಿಬೇಲಿ. ಕಣದಲ್ಲಿ ದಾರ ಸುಂದರವಾಗಿ ಹಿಂದಕ್ಕೆ ಹೋಯಿತು, ಮುಂದಕ್ಕೆ ಬರಲಿಲ್ಲ. ತಿರುಗಿ ನೋಡಿದರೆ ಹುಂಜದ ಗರಿಯ ನೊಣ ಎಮ್ಮೆಯೊಂದರ ಕೋಡಿನ ಬುಡದಲ್ಲಿ ಕುಳಿತಿತ್ತು. ಎಮ್ಮೆ ಹೊರಟಿತು, ಮಾಸ್ತರೂ ಹೊರಟರು. ಗಳ ಬಿಡಲಿಲ್ಲ. ಗಾಳದ ಶಾಸ್ತ್ರದಲ್ಲಿ ಇದಕ್ಕೆ ಮೀನನ್ನು ಆಡಿಸಿ ದಣಿಸುವುದು ಎನ್ನುತ್ತಾರೆ. ಇಲ್ಲಿ ದಣಿದದ್ದು ಯಾರು ಎಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದ್ದು ಇಂದಿಗೂ ಭಾರತದ ಗಾಳಗಾರರು ಭಕ್ತಿಯಿಂದ ನೆನೆಯುವ ದಾಖಲೆ. ಅಂದರೆ ಸುಮಾರು 54 ಕಿಲೋ. ಒಂದು ಹದವಾದ ಎಮ್ಮೆಯ ತೂಕ ಎಷ್ಟೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅಷ್ಟನ್ನೂ ಹಿಡಿದು, ನಿಯಮದಂತೆ ಗಾಯವಿಲ್ಲದೆ ಬಿಟ್ಟದ್ದು ಮಾಸ್ತರ ದೊಡ್ಡತನ. ಎಮ್ಮೆಯವರು ಆ ಹೊತ್ತಿಗೆ ಅಲ್ಲಿಗೆ ತಲುಪಿದ್ದರು ಎಂಬುದು ಗೌಣ.

ಇನ್ನು ಕಡತದ ಕೊನೆಯ ಭಾಗ, ಸರಕಾರ. ಇಲ್ಲಿ ನಾನು ಟೊಪ್ಪಿಗೆ ತೆಗೆದು ಮಾತಾಡಬೇಕು, ಏಕೆಂದರೆ ಮಾಸ್ತರಿಗೆ ಗುರುಸ್ಥಾನದಲ್ಲಿರುವುದು ಅದೇ. ನೀರು ಬರುವ ಮೊದಲೇ ನೀರಿನ ಎಲ್ಲ ವ್ಯವಸ್ಥೆಯನ್ನೂ ಮುಗಿಸಿಡುವ ವಿದ್ಯೆಯನ್ನು ಅವರು ಕಲಿತದ್ದು ಅಲ್ಲಿಂದ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಬಂತು, 37.73 ಟಿಎಂಸಿ ಹಿಡಿಯುವಷ್ಟು ದೊಡ್ಡ ರೇಣುಕಾಸಾಗರ ಆಯಿತು, ಬಲದಂಡೆ ಕಾಲುವೆ ನಮ್ಮ ಕಡೆ ಹೊರಟಿತು. ಕಾಲುವೆಯ ಬಾಲಕ್ಕೆ ನೀರು ಮುಟ್ಟುವುದಕ್ಕಿಂತ ಎಷ್ಟೋ ಮೊದಲು ರೈತನ ಮನೆಗೆ ಅಭಿವೃದ್ಧಿ ಕರದ ನೋಟಿಸು ಮುಟ್ಟಿತು. 1980ರ ಜುಲೈ 21ರಂದು ನವಲಗುಂದ ನರಗುಂದದ ರೈತರು ಅದನ್ನು ಒಪ್ಪದೆ ಬೀದಿಗೆ ಬಂದಾಗ ಗುಂಡು ಹಾರಿತು, ಜೀವಗಳು ಹೋದವು. ಆ ದಿನದ ಬಗ್ಗೆ ಹಾಸ್ಯ ಮಾಡುವ ಶಕ್ತಿ ನನಗಿಲ್ಲ, ಮುಂದಕ್ಕೆ ಹೋಗುತ್ತೇನೆ.

ಮಹದಾಯಿಯ ಕಳಸಾ ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸುವ ಯೋಜನೆಯ ಕಡೆ ನೋಡಿ. ಯೋಜನಾಕಲೆಯ ಮೇರುಕೃತಿ ಅದು. 1989ರಲ್ಲಿ ನಮ್ಮ ಅಂದಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಗೋವಾದ ಮುಖ್ಯಮಂತ್ರಿಯೊಡನೆ ಕುಳಿತು ಮಾತಾಡಿದರು. 2006ರಲ್ಲಿ ಕಣಕುಂಬಿಯಲ್ಲಿ ಅಡಿಗಲ್ಲು. 2010ರಲ್ಲಿ ನ್ಯಾಯಮಂಡಳಿ. 2015ರಿಂದ ನರಗುಂದ ನವಲಗುಂದದಲ್ಲಿ ವರ್ಷಾನುಗಟ್ಟಲೆ ಧರಣಿ. ಮರುವರ್ಷ ಯಮನೂರಿನವರು ಹಳ್ಳದ ನೀರಿಗಿಂತ ಹೆಚ್ಚಾಗಿ ಲಾಠಿಯನ್ನು ಕಂಡರು. 2018ರ ಆಗಸ್ಟ್ 14ರಂದು ತೀರ್ಪು ಬಂತು, ಕರ್ನಾಟಕಕ್ಕೆ 13.42 ಟಿಎಂಸಿ. ಜನ ಪೇಡೆ ಹಂಚಿ ಮುಗಿಸಿದ ಮೇಲೆ ಲೆಕ್ಕ ಬಿಡಿಸಿದರು. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ, 1.5 ಅದೇ ಕೊಳ್ಳದೊಳಗಿನ ಬಳಕೆಗೆ, ಮಲಪ್ರಭೆಗೆ ತಿರುಗುವುದು ಕಳಸಾದಿಂದ 1.72 ಮತ್ತು ಬಂಡೂರಿಯಿಂದ 2.18. 2020ರ ಫೆಬ್ರುವರಿಯಲ್ಲಿ ಅದು ಗೆಜೆಟ್ಟಿನಲ್ಲಿ ಅಚ್ಚಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ವಿಸ್ತೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಅರಣ್ಯದ ಅನುಮತಿ, ವನ್ಯಜೀವಿಗಳ ಅನುಮತಿ. ಒಂದು ಹನಿ ನೀರನ್ನೂ ಪೋಲು ಮಾಡದೆ ಇಷ್ಟು ಕಾಲ ನಡೆದ ನೀರಾವರಿ ಕೆಲಸ ಲೋಕದಲ್ಲಿ ಇನ್ನೆಲ್ಲಾದರೂ ಇದ್ದರೆ ಮಾಸ್ತರು ಅದನ್ನು ನೋಡಲು ಸ್ವಂತ ಖರ್ಚಿನಲ್ಲಿ ಹೋಗುವವರಿದ್ದಾರೆ.

ನಮ್ಮ ಕಡತವನ್ನು ಅವರು ಅದೇ ಪದ್ಧತಿಯಲ್ಲಿ ಬೆಳೆಸಿದ್ದಾರೆ. ಪೂರ್ವಭಾವಿ ವರದಿ, ಪರಿಷ್ಕೃತ ವರದಿ, ಪರಿಷ್ಕೃತ ವರದಿಗೆ ತಿದ್ದುಪಡಿ. ಮುಂದೆ ಕೂರುವವರು ಯಾರು ಎಂಬ ವ್ಯಾಜ್ಯ ನಮ್ಮಿಬ್ಬರ ನಡುವೆ ಇತ್ಯರ್ಥವಾಗದೆ ಖಾನಾವಳಿಯ ಮಾಲೀಕರ ಮಧ್ಯಸ್ಥಿಕೆಗೆ ಹೋಗಿದೆ. ಅವರು ಇಬ್ಬರ ಅಹವಾಲನ್ನೂ ಕೇಳಿ, ಚಹಾದ ಬಾಕಿ ತೀರಿಸಿದ ಮೇಲೆ ತೀರ್ಪು ಕೊಡುವುದಾಗಿ ಹೇಳಿದ್ದಾರೆ.

ಸದ್ಯ ಚರ್ಚೆಯಲ್ಲಿರುವುದು ಮರಳಿ ಬರುವ ದಾರಿ. ಹೊಳೆಯ ಎದುರಿಗೆ ಹುಟ್ಟು ಹಾಕಿ ಬರುವುದು ಈ ವಯಸ್ಸಿಗೆ ತರವಲ್ಲ, ಆದ್ದರಿಂದ ಕೂಡಲಸಂಗಮದಿಂದ ದೋಣಿಯನ್ನು ಬಸ್ಸಿನ ಮೇಲೆ ಹಾಕಿ ತರಬೇಕು. ಅದಕ್ಕೆ ಲಗೇಜ್ ಟಿಕೆಟ್ಟೋ ಅರ್ಧ ಟಿಕೆಟ್ಟೋ ಎಂದು ಕೇಳಲು ಕಳೆದ ಸೋಮವಾರ ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋದೆವು. ವಿಚಾರಣೆಯ ಕಿಟಕಿಯಲ್ಲಿದ್ದ ಹುಡುಗ ನಗಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು. ಉದ್ದ ಎಷ್ಟು ಕೇಳಿದ, ಬರೆದುಕೊಂಡ. ತೂಕ ಕೇಳಿದ, ಬರೆದುಕೊಂಡ. ಆಮೇಲೆ ಪೆನ್ನು ಎತ್ತಿ ಹಿಡಿದು ಕೇಳಿದ.

"ಮ್ಯಾಲ ಹಾಕೂ ಮುಂದ ಅದು ಹಸಿ ಇರತೈತೋ, ಒಣಗಿರತೈತೋ? ಹಸಿ ಇದ್ರ ಕೆಳಗ ಕುಂತಾವರ ಮ್ಯಾಲ ಸೋರತೈತ್ರಿ, ತಕರಾರ ಬರತಾವ."

ಮಾಸ್ತರು ಕಡತ ಬಿಚ್ಚಿ ನೋಡುವ ಅಗತ್ಯವೂ ಬೀಳಲಿಲ್ಲ.

"ಒಣಗಿರತೈತಿ ಅಂತ ಬರಕೋ, ತಮ್ಮಾ."